ಕೊಂಡಿ ಕೂಲಿ

ಇಳಕಲ್ಲಿನ ನೇಕಾರರ ಸೊಸೈಟಿ.
ಕೆಳಗ ನೂಲಿನ ಡಿಪೋ, ಮ್ಯಾಲ ಸೀರಿ ಮಾರಾಟದ ಆಫೀಸು,
ನಡುವ ಹದಿನಾರು ಪಾವಟಿಗಿ.

ಕೆಳಗ ಆರು ಕಂಪ್ಯೂಟರ್, ಮ್ಯಾಲ ಒಂಬತ್ತು.
ಮೀಟರ್ ಒಂದ, ಮಾಳಗಿ ಒಂದ,
ಆದರ ಒಂದಕ್ಕೊಂದು ಮಾತಿಲ್ಲ.
ಎಷ್ಟು ನೂಲು ಹೋತು, ಕೆಳಗಿನವಕ್ಕ ಗೊತ್ತು.
ಎಷ್ಟು ಸೀರಿ ಬಂತು, ಮ್ಯಾಲಿನವಕ್ಕ.
ಎರಡೂ ಗೊತ್ತಿದ್ದಾಕಿ ಸಾವಂತ್ರೆವ್ವ ಒಬ್ಬಾಕಿ:
ಸೆರಗಿನ ತುದಿಗೆ ಪೆನ್‌ಡ್ರೈವ್ ಗಂಟು ಹಾಕ್ಕೊಂಡು
ದಿನಕ್ಕ ಇಪ್ಪತ್ತು ಸಲ ಹತ್ತಿ ಇಳಿಯಾಕಿ,
ಹನ್ನೊಂದು ವರ್ಷ.

ನಾ ಹುನಗುಂದದಿಂದ ಮುಂಜಾನಿ ಬಸ್ಸಿಗೆ ಬಂದೆ.
ಚೀಲದಾಗ ಕತ್ತರಿ, ಕೇಬಲ್ ಸುರುಳಿ,
ಬುತ್ತಿಡಬ್ಬಿಯಷ್ಟು ಒಂದು ರೌಟರ್.
“ಇಷ್ಟಽ ಏನು?” ಅಂದರು ಡಿಪೋದ ಕಾಟಾಪುರ ಸಾಹೇಬ್ರು,
ರೊಕ್ಕ ಕೊಡವರ ದನಿಯಾಗ.

ತೆಗೆದು ನೋಡಿದರ ಎರಡೂ ಕಡಿ ಒಂದ ವಿಳಾಸ:
ನೂರಾ ತೊಂಬತ್ತೆರಡು, ನೂರಾ ಅರವತ್ತೆಂಟು, ಒಂದು.
ಕೆಳಗ ಹತ್ತನೇ ನಂಬರ್ ಅಂದ್ರ ತೂಕದ ಕಂಪ್ಯೂಟರ್,
ಮ್ಯಾಲ ಹತ್ತನೇ ನಂಬರ್ ಅಂದ್ರ ಪ್ರಿಂಟರ್.
ಹಂಗಽ ಕೂಡಿಸಿದರ
ಹತ್ತೂ ಅಂತ ಕೂಗಿದಾಗ ಎರಡೂ ಓ ಅಂತಾವ,
ಕೂಗಿದಾಂವ ನಡುವ ನಿಂತು ಬಾಯಿ ಬಿಡತಾನ.

“ಒಂದು ಕಡಿ ನಂಬರ್ ಬದಲಾಗಬೇಕ್ರಿ.”

ಯಾರೂ ಉಸಿರೆತ್ತಲಿಲ್ಲ.
“ಡಿಪೋ ಮೊದಲು ಆಗಿದ್ದು,” ಕಾಟಾಪುರ ಅಂದರು.
“ರೊಕ್ಕ ಬರೂದು ಮ್ಯಾಲಿಂದ,” ಗೊಂಗಡಶೆಟ್ಟಿ ಅಂದರು.
ಚಾ ಬಂತು. ಆರಿತು. ಮತ್ತ ಬಂತು.

ಪಾವಟಿಗಿ ಮ್ಯಾಲ ಕುಂತ ಸಾವಂತ್ರೆವ್ವ
ಎಲಿಗೆ ಸುಣ್ಣಾ ಹಚಿಗೊಂತ ಅಂದಳು:
“ಸೀರಿ ನೋಡ್ರಿ. ಮೈ ತನ್ನ ಬಣ್ಣದಾಗ ಇರತದ.
ಸೆರಗು ಬ್ಯಾರೆ ಬಣ್ಣ, ಅದಕ್ಕಽ ಅದು ನಮ್ಮೂರ ಸೀರಿ.
ಮ್ಯಾಲಿನ ಆಫೀಸು ಸೆರಗು ಅಂತ ತಿಳಕೋರಿ.”

ಗೊಂಗಡಶೆಟ್ಟಿ ಮೀಸಿ ಸವರಿಕೊಂಡರು.
ಸೆರಗು ಆಗಾಕ ಒಲ್ಲೆ ಅನ್ನವರು ಯಾರು?
ಮ್ಯಾಲಿನ ಒಂದು ಹೋಗಿ ಎರಡು ಆತು.

ನಡುವಿನ ಗ್ವಾಡಿಗೆ ಮೊಳಿ ಬಡದು ಪೆಟ್ಟಿಗಿ ತೂಗಹಾಕಿದೆ.
ಕೆಳಗಿಂದ ಒಂದು ಎಳಿ, ಮ್ಯಾಲಿಂದ ಒಂದು ಎಳಿ.
ದೀಪ ಹತ್ತಿದುವು. ಕೆಳಗಿಂದ ಕೂಗಿದೆ.
ಉತ್ತರ ಇಲ್ಲ.
ಇನ್ನೊಮ್ಮೆ. ಇಲ್ಲ.
ಕಾಟಾಪುರ ಸಾಹೇಬ್ರ ಕಣ್ಣು ನನ್ನ ಬೆನ್ನಿನ ಮ್ಯಾಲ.

ಆಮ್ಯಾಲ ಹೊಳೀತು. ಮಾತು ಮುಟ್ಟೇದ.
ಕೇಳಿದ್ದಕ್ಕ ಅದನ್ನ ಹೊಳ್ಳಿ
ಯಾರ ಕೈಯಾಗ ಕಳಸಬೇಕೋ ಗೊತ್ತಿಲ್ಲ.
ಹೋಗೂ ದಾರಿ ಬರದಿದ್ದೆ, ಬರೂ ಬಾಗಿಲಾ ಮರತಿದ್ದೆ.
ಒಂಬತ್ತಕ್ಕೂ ಒಂದೊಂದಾಗಿ ಬರದೆ:
ನಿನ್ನ ಓಣ್ಯಾಗ ಇಲ್ಲದವರಿಗೆ ಏನರ ಹೇಳೂದಿದ್ದರ
ಪಾವಟಿಗಿ ನಡುವಿನ ಈ ಪೆಟ್ಟಿಗಿಗೆ ಕೊಡು.

ಬರಿಯೂತನಕ ಆಕಿ ಹೇಳಿಕೊಂತ ಇದ್ದಳು,
ಸಣ್ಣಾಕಿದ್ದಾಗ ಅವ್ವನ ಬಾಜೂಕ ಕುಂತು ಕೊಂಡಿ ಹಾಕಿದ್ದು,
ಮೈಯ ಎಳಿ ಮಡಚಿ, ಸೆರಗಿನ ಎಳಿ ಅದರಾಗ ತೂರಿಸಿ,
ಒಂದಕ್ಕ ಒಂದು, ಒಂದಕ್ಕ ಒಂದು,
ಒಂದು ತಪ್ಪಿದರ ಮಗ್ಗದಾಗ ಗೊತ್ತಾಗತಿತ್ತಂತ,
ಬೈಗುಳ ಮನಿತನಕ ಬರತಿತ್ತಂತ.

ಕಡೀಕ ನಾಕು ಉತ್ತರ ಬಂದುವು, ಸಾಲಾಗಿ,
ನಾಕು ಪೂರ್ಣ.

ಆಕಿ ಪೆಟ್ಟಿಗಿ ಕಡೆ ನೋಡಿದಳು.
“ಏನು ಹೇಳಬಾರದು ಅಂತ ಇದಕ್ಕ ಗೊತ್ತದಽ?”
“ಬರದು ಕೊಟ್ಟರ ಹೇಳೂದಿಲ್ಲವಾ.”
“ನನಗ ಯಾರೂ ಬರದು ಕೊಟ್ಟಿರಲಿಲ್ಲ,” ಅಂದಳು,
ಎದ್ದು ಚಾದ ಲೋಟ ಕೂಡಿಸಿಕೊಂಡು ಇಳದಳು.
ಸೆರಗಿನ ಗಂಟು ಬಿಚ್ಚಿದ್ದು ನಾ ನೋಡಲಿಲ್ಲ.

ಕ್ಯಾಶಿಯರ್ ಕಿರದಳ್ಳಿ ಖರ್ಚಿನ ಪುಸ್ತಕ ತಗದ.
ಅದರಾಗ ಇದ್ದಿದ್ದು ನಾಕಽ ತಲೆಬರಹ:
ನೂಲು, ಬಣ್ಣ, ಕೊಂಡಿ ಕೂಲಿ, ಚಾ.
ರೌಟರ್ ಅಂತ ಬರಿಯಾಕ ಜಾಗಾ ಇಲ್ಲ,
ಹೊಸ ಕಾಲಂ ಹಾಕಿದರ ಆಡಿಟ್‌ನವರು ಕೇಳತಾರ.
ಪೆನ್ನು ಹಲ್ಲಿಗೆ ಹಚ್ಚಿ ಜರಾ ಹೊತ್ತು ಕುಂತ.

ಈರವ್ವ, ಶೇಖವ್ವ, ಮಾಬೂಬಿ, ಸಣ್ಣ ಗೌರವ್ವ,
ನೂರಾ ಇಪ್ಪತ್ತು, ನೂರಾ ಇಪ್ಪತ್ತು, ಅರವತ್ತು.
ಎಲ್ಲಾರ ಹೆಬ್ಬಟ್ಟಿನ ನೀಲಿ ಕೆಳಗ
ಒಂದು ಸಾಲು ಖಾಲಿ ಇತ್ತು.
ಮೌಲಾಲಿ, ಹುನಗುಂದ,
ಸಾವಿರದ ಎಂಟನೂರು.

ನಾ ಸಹಿ ಮಾಡಿದೆ.