ಉಳಿದಷ್ಟು ಕಾಂತ

ಹಾಸನ, ಹೊಳೆನರಸೀಪುರ ರಸ್ತೆಯ ಶೈತ್ಯಾಗಾರ.
ಗಾಳಿಗೆ ಕಂಬ ಮಲಗಿ ಐದು ಗಂಟೆ. ಈ ವಾರ ಮೂರನೇ ಸಲ.
ಡೀಸೆಲ್ ಎಂಜಿನ್ ಓಡುತ್ತಿದೆ, ಚೆನ್ನಾಗಿಯೇ ಓಡುತ್ತಿದೆ,
ಕರೆಂಟು ಮಾತ್ರ ಹುಟ್ಟುತ್ತಿಲ್ಲ.
"ಮೆಕ್ಯಾನಿಕ್ ಎಲ್ಲಮ್ಮ?" ಅಂದರು ಮ್ಯಾನೇಜರ್ ತಮ್ಮಣ್ಣಗೌಡರು.
ನಾನು ಹೆಗಲ ಚೀಲ ಇಳಿಸಿದೆ.

ಒಳಗೆ ಜಲಂಧರದ ಬಿತ್ತನೆ ಆಲೂಗಡ್ಡೆ, ಒಂಬತ್ತು ಸಾವಿರ ಚೀಲ,
ನಾಲ್ಕು ಡಿಗ್ರಿಯ ನಿದ್ದೆ. ಈಗ ಏಳು.
"ಸೆಕೆ ಹತ್ತಿದರೆ ಕಣ್ಣು ಬಿಡ್ತವೆ" ಅಂದ ಆಪರೇಟರ್ ಹಲಗಯ್ಯ,
ಎಂಜಿನ್ನಿನ ಆ ಗದ್ದಲದಲ್ಲೂ
ದನಿ ತಗ್ಗಿಸಿ.

ಮುಚ್ಚಳ ಬಿಚ್ಚಿದೆ. ವೋಲ್ಟೇಜು ಕಾಯುವ ರೆಗ್ಯುಲೇಟರ್
ಇಟ್ಟಿಗೆಯಷ್ಟು ದಪ್ಪ, ಕರಿ ಅಂಟಿನಲ್ಲಿ ಹೂತದ್ದು,
ಸೀದ ಬೆಲ್ಲದ ವಾಸನೆ.
ಇದನ್ನು ಮಾಡುತ್ತಿದ್ದ ಕಂಪನಿ ಈಗಿಲ್ಲ.
ಆ ಕಂಪನಿಯನ್ನು ಕೊಂಡ ಕಂಪನಿಗೆ ಫೋನು ಹಚ್ಚಿದರೆ
ಹುಡುಗ, "ನಂಬರ್ ಇನ್ನೊಮ್ಮೆ ಹೇಳಿ ಮೇಡಂ" ಅನ್ನುತ್ತಾನೆ,
ಆಮೇಲೆ ಇನ್ನೊಮ್ಮೆ.

ಮುಚ್ಚಳದ ಒಳಮೈಗೆ ಪೆನ್ಸಿಲ್ ಅಕ್ಷರ:
ಕೆಂಪು ಪ್ಲಸ್. ನೀಲಿ ಮೈನಸ್. ಜಬೀ. 11-3-96.

ಜಬೀವುಲ್ಲಾ ಸಾಬರು!
ಪೆನ್ಷನ್ ಮೊಹಲ್ಲಾದ ಅವರ ಅಂಗಡಿಗೆ ಕಾಯಿಲ್ ಸುತ್ತಲು ಸೇರಿದವಳು ನಾನು,
ದಿನಕ್ಕೆ ಹದಿನೆಂಟು ರೂಪಾಯಿ, ಎರಡು ಟೀ.
ಇಂಥದೇ ಕರಿ ಇಟ್ಟಿಗೆಯನ್ನು ಒಮ್ಮೆ ಉಳಿಯಲ್ಲಿ ಒಡೆದು ತೋರಿಸಿದ್ದರು:
"ನೋಡವ್ವ, ಒಳಗೆ ಏನೈತೆ? ನಾಲ್ಕು ಕಡ್ಲೇಬೀಜ.
ಗುಟ್ಟೆಲ್ಲಾ ಅಂಟಿಂದು."

ಹೊಸದು ಅಂಗೈಯಗಲ.
ಹಳೆಯ ತೂತಿಗೆ ಇದರ ತೂತು ಕೂಡದು;
ತಗಡಿನ ಪಟ್ಟಿ ಕೊರೆದು ಕೂರಿಸಿದೆ,
ಹಲಗಯ್ಯ ಹಿಡಿದ ಟಾರ್ಚಿನ ನಡುಕದಲ್ಲೇ.
ಹಳೆಯದರಲ್ಲಿ ಕೆಂಪು ನೀಲಿ ಅಡ್ಡಾದಿಡ್ಡಿ ಕೂತಿದ್ದವು.
ಯಾರೋ ಬರಿಗೈ ಪಂಡಿತ ಕೈಯಾಡಿಸಿದ್ದಾನೆ ಅಂದುಕೊಂಡು
ಗುರು ಬರೆದ ಹಾಗೆ ನೆಟ್ಟಗೆ ಮಾಡಿದೆ.

ಚಾಲೂ ಮಾಡಿದರೆ
ಅಷ್ಟೊತ್ತೂ ಎಂಟು ವೋಲ್ಟಿನಲ್ಲಿ ಮಿಡುಕುತ್ತಿದ್ದ ಮುಳ್ಳು
ಎರಡಕ್ಕೆ ಇಳಿಯಿತು. ಸೊನ್ನೆಗೆ ಒರಗಿತು.
ಕಬ್ಬಿಣ ತನ್ನೊಳಗೆ ಉಳಿಸಿಕೊಂಡಿದ್ದ ಚೂರು ಕಾಂತವನ್ನೂ
ನಾನೇ ಒರೆಸಿಬಿಟ್ಟಿದ್ದೆ.

ಎಂಜಿನ್ ನಿಲ್ಲಿಸಿ, ಮಂಡಿಯೂರಿ,
ಎಕ್ಸೈಟರ್ ಕಾಯಿಲಿನ ಮೇಲೆ ಟಾರ್ಚು ಬಿಟ್ಟೆ.
ಹಸಿರು ನೂಲು. ಎರಡೆಳೆ. ಕೊನೆಗೆ ಹೂ ಕಟ್ಟುವ ಗಂಟು.

ಹಾಸನದಲ್ಲಿ ಕಾಯಿಲಿಗೆ ಹೂವಿನ ಗಂಟು ಹಾಕುತ್ತಿದ್ದವಳು ಒಬ್ಬಳೇ.

ತೊಂಬತ್ತೆಂಟು ಇರಬೇಕು, ನೀರು ನುಗ್ಗಿ ಸುಟ್ಟು ಬಂದಿತ್ತು.
ನಾನು ಉಲ್ಟಾ ಸುತ್ತಿದ್ದೆ.
ಅವರು ಇಲ್ಲಿಗೆ ಬಂದು, ತಂತಿ ಅದಲುಬದಲು ಮಾಡಿ, ಬೈಸಿಕಲ್ ಹತ್ತಿ,
ಮರುದಿನ ನನಗೆ ಎರಡು ರೂಪಾಯಿ ಕೂಲಿ ಹೆಚ್ಚಿಸಿದ್ದರು.
ಯಾಕೆಂದು ನಾನು ಕೇಳಿರಲಿಲ್ಲ.

ಕೆಂಪು ನೀಲಿ ಬಿಚ್ಚಿ, ಎಂಜಿನ್ನಿನದೇ ಬ್ಯಾಟರಿಯಿಂದ
ಹನ್ನೆರಡು ವೋಲ್ಟು, ಮೂರು ಎಣಿಸುವಷ್ಟು, ಮುಟ್ಟಿಸಿದೆ.
ಸಣ್ಣ ಕಿಡಿ.
ಮತ್ತೆ ಅಡ್ಡಾದಿಡ್ಡಿಯೇ ಜೋಡಿಸಿದೆ, ಇದ್ದ ಹಾಗೆ.

ಅರವತ್ತು. ಇನ್ನೂರು. ಮುನ್ನೂರ ಎಂಬತ್ತು.
ಬಲ್ಬು ಏದುಸಿರು ಬಿಡುತ್ತಿತ್ತು; ಸ್ಕ್ರೂ ಅರೆಸುತ್ತು ತಿರುಗಿಸಿದೆ,
ನಿಂತಿತು. ನಾನೂರ ಹದಿನೈದು.
ಗೋಡೆಯಾಚೆ ಕಂಪ್ರೆಸರ್ ಗಂಟಲು ಸರಿಮಾಡಿಕೊಂಡಿತು.

"ಈ ಇಟ್ಟಿಗೆ ಗುಜರಿಗೆ ಹಾಕ್ಲಾ?" ಗೌಡರು ಕೇಳಿದರು.
ಬೇಡ ಅಂದು ಚೀಲಕ್ಕೆ ಹಾಕಿಕೊಂಡೆ.
ಪೆನ್ಸಿಲ್ ಅಕ್ಷರದ ಕೆಳಗೆ ಬರೆದೆ:
ಕೆಂಪೇ ಮೈನಸ್. ತಪ್ಪು ಸುತ್ತಿದವಳದು. ಕೆಂಚಮ್ಮ.

ಹಲಗಯ್ಯ ಕಂಬಳಿ ಹೊದ್ದು ಒಳಗೆ ಹೋಗಿದ್ದವನು
ಒಂದು ಆಲೂಗಡ್ಡೆ ಹಿಡಿದು ಬಂದ. ಬಿಳಿ ಮೊಳಕೆ, ಅಕ್ಕಿಕಾಳಷ್ಟು.
"ಇದು ಇವತ್ತಿಂದಲ್ಲ," ಅಂದ,
"ಮೊದಲೇ ಎದ್ದಿತ್ತು, ಸುಮ್ಮನಿತ್ತು."