ಡಬ್ಬಿಯ ಗುಂಡುಗಳು

ರೆಡಿಚ್ ಊರಿನಲ್ಲಿ, ಹೊಳೆ ಬದಿಯ ತಗಡಿನ ಶೆಡ್ಡು.
ಪೀಪಾಯಿ ತಿರುಗುತ್ತದೆ, ನಿಮಿಷಕ್ಕೆ ಆರು ಸುತ್ತು.
ಒಳಗೆ ಹನ್ನೆರಡು ಸಾವಿರ ಗಾಳ,
ಅಕ್ಕಿಕಾಳಿಗಿಂತ ಒಂದಿಷ್ಟು ಉದ್ದ,
ನಿಕಲ್ಲಿನ ಹಸಿರು ನೀರಲ್ಲಿ ಮುಳುಗಿ ಏಳುತ್ತ.

ಚಟ್.

ಮೇವಿಸ್ ಟ್ರಾಂಟರ್ ಚಹದ ಲೋಟ ಕೆಳಗಿಟ್ಟಳು.
ಪಂಪಿನ ಗೊರಗೊರ, ರೆಕ್ಟಿಫೈಯರಿನ ಗುಂಯ್,
ಎಲ್ಲ ದಾಟಿ ಈ ಒಂದು ಸದ್ದು
ಮೂವತ್ತೊಂದು ವರ್ಷದಿಂದ ಅವಳ ಹಲ್ಲಿಗೇ ಬಂದು ತಾಗುತ್ತದೆ.

ಚಟ್. ಚಟಚಟ್.
ನೊರೆಯೊಳಗೆ ಕೂತ ಹೈಡ್ರೋಜನ್ನು ಪಟ್ಟೆಂದು ಒಡೆಯಿತು.
ಹೊಸ ಹುಡುಗ ಕೀರನ್ ಎರಡು ಹೆಜ್ಜೆ ಹಿಂದೆ.

'ಮುಟ್ಟಿದ್ದಕ್ಕೆ ಕಿಡಿಯಾ?'
'ಮುಟ್ಟಿದ್ದಕ್ಕಲ್ಲ ಕಣೋ, ಬಿಟ್ಟಿದ್ದಕ್ಕೆ.
ಹಗುರ ಇವು, ತೇಲ್ತಾವೆ,
ತಂತಿ ತುದಿಗೆ ತಾಗಿದ ಹಾಗೆ ಮಾಡಿ ಜಾರ್ತಾವೆ.
ಅಷ್ಟೂ ಕರೆಂಟು ಕೂದಲೆಳೆ ಸಂದು ಜಿಗೀಬೇಕು ಆಗ.'

ಮೊದಲು ಸ್ವಿಚ್ಚು, ಆಮೇಲೆ ಕೈ.
(ಎಡ ಹೆಬ್ಬೆರಳ ಮೇಲಿನ ಕಲೆ
ಈ ಕ್ರಮ ತಪ್ಪಿದ ಒಂದು ಸೋಮವಾರದ್ದು.)
ಬೊಗಸೆ ತೆಗೆದು ದೀಪದ ಕೆಳಗೆ ಹರವಿದಳು:
ಬೆಳ್ಳಗೆ, ಬೆಳ್ಳಗೆ, ಬೆಳ್ಳಗೆ, ಇಗೋ ಕರೀ ಚುಕ್ಕೆ,
ಸಾಸಿವೆಯ ಅರ್ಧದಷ್ಟು. ಮೊನೆಯೇ ಇಲ್ಲ.
'ಇದನ್ನ ಕಚ್ಚಿದ ಮೀನು
ನಕ್ಕು ವಾಪಸು ಹೋಗುತ್ತೆ.'

ತಂತಿಯ ತುದಿ ಉಜ್ಜಿದಳು, ಕಿಟ್ಟ ಕಟ್ಟಿತ್ತು.
ಆಂಪಿಯರು ಇಳಿಸಿದಳು.
ಆಮೇಲೆ ಬೆಂಚಿನಡಿಯಿಂದ ಜಾಮಿನ ಹಳೇ ಡಬ್ಬಿ.

ಉಕ್ಕಿನ ಗುಂಡುಗಳು. ಮುಚ್ಚಿಹೋದ ಸೈಕಲ್ ಕಾರ್ಖಾನೆಯವು.
ಆಲ್ಬನ್ ಪರ್ಕ್ಸ್ ತಂದು ಹಾಕಿದ್ದು, ಇವಳು ಕೆಲಸಕ್ಕೆ ಸೇರುವ ಮೊದಲೇ.
ಗಾಳಗಳ ನಡುವೆ ಹೊಕ್ಕು, ಭಾರ ಹಾಕಿ,
ಒಂದರ ಕೈ ಇನ್ನೊಂದಕ್ಕೆ ಕೊಡಿಸುವುದೇ ಇವಕ್ಕೆ ಕೆಲಸ.
ಪ್ರತಿ ಪಾಳಿ ಇವೂ ನಿಕಲ್ ಕುಡಿಯುತ್ತವೆ.
ಬಂದಾಗ ಕಡಲೆಯಷ್ಟಿದ್ದವಂತೆ, ಈಗ ಬಟಾಣಿ.
ಯಾವ ಬಿಲ್ಲಿನಲ್ಲೂ ಇಲ್ಲ.
ಜರಡಿ ಹಿಡಿದರೆ ಗಾಳ ಪೆಟ್ಟಿಗೆಗೆ,
ಇವು ಮತ್ತೆ ಬೆಂಚಿನಡಿಗೆ.

ಪೀಪಾಯಿ ಮತ್ತೆ ತಿರುಗಿತು.
ಇಬ್ಬರೂ ಕಿವಿಗೊಟ್ಟು ನಿಂತರು.
ಗೊರಗೊರ. ಗುಂಯ್. ಅಷ್ಟೇ.
ಚಹದ ಮೇಲೆ ಕೆನೆ ಕಟ್ಟಿತ್ತು; ಕುಡಿದಳು.

ಪಾಳಿ ಮುಗಿದಾಗ ಕೀರನ್ ಎಣಿಸಿದ,
ಯಾರೂ ಹೇಳದೆಯೇ:
ಇನ್ನೂರ ಹದಿಮೂರು. 'ಮುಚ್ಚಳದ ಮೇಲೆ
ಹದಿನಾಲ್ಕು ಅಂತ ಬರೆದಿದೆಯಲ್ಲ?'

'ಅದೊಂದು ಹೋಗಿ ವರ್ಷ ಎಷ್ಟೋ ಆಯ್ತು,' ಅಂದಳು
ಕೋಟಿನ ತೋಳು ಹುಡುಕುತ್ತ.
'ಎಲ್ಲೋ ಕೆರೆ ದಂಡೇಲಿ ಒಬ್ಬ ಗಾಳದ ಪೊಟ್ಟಣ ಬಿಚ್ಚಿ,
ಇದೇನಪ್ಪಾ ಅಂತ
ಅಂಗೈ ಮೇಲೆ ಉರುಳಿಸಿ ನೋಡಿರ್ತಾನೆ.'