ಅರ್ಕಾವತ್ತು

ಅಮ್ಮತ್ತಿಗೆ ಕರೆಂಟು ಬಂದದ್ದು ಒಂಬತ್ತೂವರೆಗೆ.
ಸಭೆ ಆಗಲೇ ಮುಗಿದಿತ್ತು.
ದಾನಿ ಕಂಪನಿಯ ಹೆಸರು ನಮ್ಮ ಹೆಸರಿಗೆ ಅಂಟಿಸಲು
ಐದು ಕೈ ಮೇಲೆ, ಒಂದು ಕೈ ಕೆಳಗೆ;
ಏಳನೆಯದು, ನನ್ನದು, ಟವರ್ ಹುಡುಕುತ್ತ
ನೀರಿನ ಟ್ಯಾಂಕಿನ ಏಣಿ ಹಿಡಿದಿತ್ತು.

ಕನ್ನಡ ಅಕ್ಷರ ಕೂಡಿಸುವ ಸಣ್ಣ ತಂತ್ರಾಂಶ.
ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು,
ಯಾರ ಸೊತ್ತೂ ಅಲ್ಲ.
ಆದರೂ ಅದಕ್ಕೊಂದು ಪ್ರತಿಷ್ಠಾನ, ಪ್ರತಿಷ್ಠಾನಕ್ಕೊಂದು ಮಂಡಳಿ,
ಮಂಡಳಿಗೆ ಖಜಾಂಚಿ ನಾನು, ಒಂಬತ್ತು ವರ್ಷ.
ಕಾಳುಮೆಣಸು ತೂಗುವವನ ನಿಯತ್ತಿನಲ್ಲಿ
ರಸೀದಿ ಎಣಿಸಿದೆ.
ಅಕ್ಷರ ಕಟ್ಟುವುದು ಮರೆತೆ.

‘ವೈಯಕ್ತಿಕ ಕಾರಣಗಳಿಂದ’ ಎಂದು ಬರೆದು ಅಳಿಸಿದೆ.
‘ತತ್ವದ ಪ್ರಶ್ನೆ’ ಎಂದು ಬರೆದೆ.
ಬೊಳ್ಳಮ್ಮ ಹೆಗಲ ಮೇಲಿಂದ ಓದಿ ನಕ್ಕಳು:
ನಿನಗೆ ಸುಸ್ತಾಗಿದೆ, ಅಷ್ಟು ಬರಿ.
ಬರೆದೆ.

ಆಮೇಲೆ ಮೇಲುಗಡೆ ‘ಕಾರ್ಯದರ್ಶಿಯವರಿಗೆ’ ಎಂದು ಒತ್ತುವಾಗ
ಎರಡೂ ಅರ್ಕಾವತ್ತು ನೆಟ್ಟಗೆ ಕೂತವು.
ಹೋದ ವರ್ಷದ ತನಕ ಪಕ್ಕದಕ್ಷರದ ಮೈಮೇಲೆ ಬೀಳುತ್ತಿದ್ದವು.
ಸರಿಮಾಡಿದ್ದು ಸುಂಟಿಕೊಪ್ಪದ ಸಫ್ವಾನ್, ಹತ್ತನೇ ಕ್ಲಾಸು;
ಮಂಡಳಿಯಲ್ಲಿ ಯಾರಿಗೂ ಅವನ ಮುಖ ಗೊತ್ತಿಲ್ಲ.

ಬಾಯಲ್ಲಿ ಮೊದಲು ಬರುವ ರಕಾರ
ಬರಹದಲ್ಲಿ ಕೊನೆಗೆ ನಿಲ್ಲುತ್ತದೆ,
ಹೊರಗೆ, ಬೆನ್ನು ಬಗ್ಗಿಸಿ.
ಪದ ಕೆಡುವುದಿಲ್ಲ.

ಮೊಹರು, ಎರಡು ಚೆಕ್ಕುಪುಸ್ತಕ, ಬೀರುವಿನ ಕೀಲಿ
ಲಕೋಟೆಗೆ ಹಾಕಿದೆ. ಅಂಚೆಗೆ ನಾಳೆ.
‘ಲಕ್ಷ್ಮಿ’ಯ ಮಕಾರ ಇನ್ನೂ ಕಳಚಿ ಬೀಳುತ್ತದಂತೆ,
ಸಫ್ವಾನ್ ಮೊನ್ನೆಯೇ ಹೇಳಿದ್ದ.
ಕರೆಂಟು ಇರುವಾಗ
ಒಂದು ಸಲ ನೋಡಬೇಕು.